ಉಗಾರ ಉಗ್ರರು, ನೂರಕ್ಕೆ ಎಂಬತ್ತಾರು

ನವೆಂಬರ್ 18, ಸೋಮವಾರ

ಇಂದು ನನ್ನ ತಂಡ ಮತ್ತೆ ಸೋತಿತು. ಗೆಲ್ಲುವ ಸಾಧ್ಯತೆ ನೂರಕ್ಕೆ ಎಂಬತ್ತಾರು ಎಂದು ಫೋನಿನ ಆಟವೇ ಪಂದ್ಯಕ್ಕೆ ಮೊದಲು ಬರೆದು ತೋರಿಸಿತ್ತು. ಎಂಬತ್ತಾರು ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್. ಡಿಸ್ಟಿಂಕ್ಷನ್ ತೆಗೆದವಳನ್ನು ನಪಾಸು ಮಾಡುವ ಶಾಲೆ ಎಲ್ಲಾದರೂ ಇದೆಯೇ?

ಮನಸ್ಸಿನಲ್ಲಿದ್ದುದನ್ನು ಯಾರಿಗಾದರೂ ಹೇಳಿಕೋ, ಇಲ್ಲವಾದರೆ ಬರೆದಿಡು ಎಂದು ಮಿರಜದ ಡಾಕ್ಟರಬಾಯಿ ಹೇಳಿದ್ದಾರೆ. ಬರೆಯುವುದೇ ವಾಸಿ. ಹಾಳೆ ತಿರುಗಿ ಸಲಹೆ ಕೊಡುವುದಿಲ್ಲ. ಮದುವೆಯಾಗಿ ಎಂಟು ವರ್ಷ, ಮಗುವಿಲ್ಲ, ಈಗ ಐವಿಎಫ್. ದಿನಕ್ಕೊಂದು ಸೂಜಿ, ಅದೂ ಹೊಟ್ಟೆಗೆ. ಚುಚ್ಚುವವನು ಗಂಡ ವಿಕ್ರಾಂತ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲನ್ನು ಒಂದೇ ನೋಟಕ್ಕೆ ಅಳೆಯುವವನು ನನ್ನ ಹೊಟ್ಟೆಯ ಮುಂದೆ ಸಿರಿಂಜಿನ ಗೆರೆಯನ್ನು ಮೂರು ಸಲ ನೋಡುತ್ತಾನೆ. ಪ್ರತಿಸಲ ಚುಚ್ಚುವ ಮೊದಲು 'ಸಾರಿ' ಅನ್ನುತ್ತಾನೆ, ಚುಚ್ಚಿದ ಮೇಲೂ ಅನ್ನುತ್ತಾನೆ. ನಡುವೆ ನಾನು ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

'ಕಪ್ತಾನ' ಎಂಬ ಈ ಕ್ರಿಕೆಟ್ ಆಟವನ್ನು ನನ್ನ ಫೋನಿಗೆ ಹಾಕಿದವನೂ ಅವನೇ, ಹೊತ್ತು ಹೋಗಲೆಂದು. ಇದರಲ್ಲಿ ನಾವು ಬ್ಯಾಟು ಬೀಸುವುದಿಲ್ಲ. ಎಲ್ಲೂ ಇಲ್ಲದ ಆಟಗಾರರಲ್ಲಿ ಹನ್ನೊಂದು ಮಂದಿಯನ್ನು ಆರಿಸಿ, ಯಾರ ನಂತರ ಯಾರು ಎಂದು ಹೇಳಿ, ಕೈಕಟ್ಟಿ ಕೂಡಬೇಕು. ಮುಂದೆ ಒಂದೊಂದು ಚೆಂಡಿಗೂ ಯಂತ್ರ ಒಳಗೊಳಗೆ ದಾಳ ಹಾಕುತ್ತದೆ. ನಮ್ಮದೊಂದು ಲೀಗ್ ಇದೆ: ಶಾಲೆಯ ಸ್ಟಾಫ್‌ರೂಮಿನ ಐದು ತಂಡ, ಮನೆಯ ಮೂರು. ನನ್ನದು ನಮ್ಮೂರಿನ ಹೆಸರಿನ ಉಗಾರ ಉಗ್ರರು, ವಿಕ್ರಾಂತನದು ಕಾಕಂಬಿ ಇಲೆವನ್, ಮಾವನದು ಪೆನ್ಶನ್ ಪಲ್ಟನ್. ಲೀಗಿನ ಮುಖ್ಯಸ್ಥೆ ನಾನು. ಗಣಿತದ ಟೀಚರ್ ಅಂತ ಎಲ್ಲರೂ ಸೇರಿ ತಲೆಗೆ ಕಟ್ಟಿದ್ದು.

ನವೆಂಬರ್ 22, ಶುಕ್ರವಾರ

ಹತ್ತನೇ ತರಗತಿಗೆ ಸಂಭವನೀಯತೆಯ ಪಾಠ ಶುರು ಮಾಡಿದೆ. ಐದು ಸಲ ರಾಜ ಬಿದ್ದರೂ ಆರನೇ ಸಲ ರಾಣಿ ಬೀಳಲೇಬೇಕೆಂದಿಲ್ಲ, ನಾಣ್ಯಕ್ಕೆ ನೆನಪಿರುವುದಿಲ್ಲ ಮಕ್ಕಳೇ ಎಂದು ಬಹಳ ಗಂಭೀರವಾಗಿ ಹೇಳಿದೆ. ಸಂಜೆ ಮಾವನ ಕೈಲಿ ಸೋತೆ. ಅವರ ಸಾಧ್ಯತೆ ನೂರಕ್ಕೆ ಹದಿನಾಲ್ಕು ಇತ್ತು. ನಾಣ್ಯಕ್ಕೆ ನೆನಪಿಲ್ಲದಿರಬಹುದು, ದ್ವೇಷವಂತೂ ಇದೆ.

ಮಾವ ಜ್ಞಾನದೇವ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿ ನಿವೃತ್ತರಾದವರು. ಆಟಗಾರರ ಅಂಕಿಅಂಶ ನೋಡುವುದೇ ಇಲ್ಲ, ಫೋಟೋ ನೋಡುತ್ತಾರೆ. ಸರಾಸರಿ ಒಂಬತ್ತು ಇರುವವನನ್ನು ಯಾಕೆ ಮೂರನೆಯವನಾಗಿ ಇಳಿಸಿದಿರಿ ಎಂದು ಕೇಳಿದೆ.

"ಅವನ ಮಾರಿ ನೋಡ ಯವ್ವಾ," ಅಂದರು. "ತಂಡದಿಂದ ತೆಗದ್ರ ಎಲ್ಲಿಗೆ ಹೋಗ್ಬೇಕ ಅಂವಾ?"

ಆ ಮಾರಿ ನನ್ನ ವಿರುದ್ಧ ಎಪ್ಪತ್ತೊಂದು ಹೊಡೆಯಿತು.

ನವೆಂಬರ್ 30, ಶನಿವಾರ

ಮಿರಜದಲ್ಲಿ ಮೊಟ್ಟೆ ತೆಗೆದರು. ಹನ್ನೊಂದು. ಪೂರ್ತಿ ತಂಡ. ಅಮಲು ಇಳಿಯುವಾಗ ನಾನು ಡಾಕ್ಟರಬಾಯಿಯನ್ನು 'ಹನ್ನೆರಡನೆಯವನು ಎಲ್ಲಿ' ಎಂದು ಕೇಳಿದೆನಂತೆ. ವಿಕ್ರಾಂತ ಇದನ್ನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಅತ್ತೆ ಸುಂದರಾ ನಗಲಿಲ್ಲ. ಬಿಸಿ ಗಂಜಿ ತಂದು ಕೈಗಿಟ್ಟು ಹೋದರು. ಅವರು ಈ ವಿಷಯದಲ್ಲಿ ಒಂದು ಮಾತೂ ಆಡುವುದಿಲ್ಲ. ಒಮ್ಮೊಮ್ಮೆ ಅನಿಸುತ್ತದೆ, ಒಳಗೆ ನನಗೆ ಎಷ್ಟು ಮಾರ್ಕು ಹಾಕಿಟ್ಟಿದ್ದಾರೋ ಎಂದು.

ಡಿಸೆಂಬರ್ 5, ಗುರುವಾರ

ಹನ್ನೊಂದರಲ್ಲಿ ಮೂರು ಭ್ರೂಣ ಉಳಿದವು. ಒಂದನ್ನು ಇಂದು ಒಳಗಿಟ್ಟರು, ಎರಡನ್ನು ಹೆಪ್ಪುಗಟ್ಟಿಸಿ ತೆಗೆದಿಟ್ಟರು. ಎಷ್ಟು ಸಾಧ್ಯತೆ ಎಂದು ಕೇಳಿದೆ. ನೂರಕ್ಕೆ ಮೂವತ್ತು ಅಂದರು ಡಾಕ್ಟರಬಾಯಿ, ಹವಾಮಾನ ಹೇಳುವವರ ದನಿಯಲ್ಲಿ. ಎಂಬತ್ತಾರಕ್ಕೇ ಸೋಲುವವಳಿಗೆ ಮೂವತ್ತು! ಸ್ವಲ್ಪ ಹೆಚ್ಚು ಮಾಡಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಪಕ್ಕದ ಮನೆಯ ಸಪನಾಳ ಫೋನಿನ ಜಾತಕದ ಆ್ಯಪು ನನಗೆ ನೂರಕ್ಕೆ ನೂರು ಕೊಟ್ಟಿದೆ. ಅದೂ ಪುಕ್ಕಟೆ.

ಬಾಡಿಗೆ ಕಾರಿನಲ್ಲಿ ಬಂದೆವು. ಮಿರಜದಿಂದ ಕಾಗವಾಡದವರೆಗಿನ ಒಂದೊಂದು ರಸ್ತೆ ಉಬ್ಬಿಗೂ ವಿಕ್ರಾಂತ ಡ್ರೈವರನಿಗೆ ಸಾವಕಾಶ, ಸಾವಕಾಶ ಎಂದು ಹೇಳುತ್ತ ಬಂದ. ಕೊನೆಗೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡಿದ್ದ ಟ್ರ್ಯಾಕ್ಟರ್ ಒಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರ್ ಹೊರಳಿ ನೋಡಿ ನಕ್ಕ. ನಾನು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ದೇವರಾಣೆ, ಎಂದೂ ಕೂತಿಲ್ಲದಷ್ಟು ನೆಟ್ಟಗೆ ಕೂತಿದ್ದೆ.

ಡಿಸೆಂಬರ್ 19, ಗುರುವಾರ

ಇಲ್ಲ.

ಡಿಸೆಂಬರ್ 24, ಮಂಗಳವಾರ

ಆರೋಪಿಗಳು: ಕಾಗವಾಡದ ಹತ್ತಿರದ ಆ ಕೊನೆಯ ರಸ್ತೆ ಉಬ್ಬು. ಬಾಡಿಗೆ ಕಾರು. ಪರೀಕ್ಷಾ ಡ್ಯೂಟಿ ಎಂದು ನನ್ನನ್ನು ಮೂರು ತಾಸು ನಿಲ್ಲಿಸಿದ ಹೆಡ್‌ಮಾಸ್ತರು. ಮದುವೆಮನೆಯಲ್ಲಿ ತಿಂದ ಪಪಾಯಿಯ ಒಂದೇ ಒಂದು ಹೋಳು. ಮಿರಜದ ಲ್ಯಾಬು. ನಾನು. ವಿಕ್ರಾಂತ.

ಗರ್ಭ ನಿಲ್ಲಲಿಲ್ಲವೆಂದು ತಿಳಿದು ಐದು ದಿನವಾಯಿತು. ಇಂದು ಅವನು ಪಾಳಿ ಮುಗಿಸಿ ಬಂದಾಗ ನಾನೇ ಮಾತು ತೆಗೆದೆ.

"ಯಾರರೆ ಏನರೆ ತಪ್ಪ ಮಾಡಿರಬೇಕಲ್ರಿ."

"ಯಾರೂ ಮಾಡಿಲ್ಲ ಪೂನಮ."

"ಯಾರೂ ಮಾಡದ ಹ್ಯಾಂಗ ಆಕ್ಕೈತಿ?"

"ಹಂಗ ಆಕ್ಕೈತಿ," ಅಂದ. ಕೈಕಾಲು ತೊಳೆಯಲು ಹೋದ. ಬಚ್ಚಲಲ್ಲಿ ನೀರು ಬಹಳ ಹೊತ್ತು ಸುರಿಯಿತು.

ನನಗೆ ಸಿಟ್ಟು ಬಂದದ್ದು ಅದಕ್ಕೇ. 'ನಾನೇ ಮಾಡಿದೆ' ಎಂದಾದರೂ ಅನ್ನಬಾರದಿತ್ತೇ? ಒಬ್ಬ ಗಂಡನಿಂದ ಅಷ್ಟೂ ಉಪಯೋಗವಿಲ್ಲವೇ?

ಸಂಜೆ ನನ್ನ ತಂಡ ಸಾಧ್ಯತೆ ಎಪ್ಪತ್ತೊಂಬತ್ತು ಇದ್ದೂ ಸೋತಿತು. ತಕ್ಷಣ ಕೂತು 'ಕಪ್ತಾನ' ಮಾಡಿದವರಿಗೆ ಪತ್ರ ಬರೆದೆ. ನಿಮ್ಮ ದಾಳ ಮೋಸದ್ದು, ನಾನು ಗಣಿತದ ಶಿಕ್ಷಕಿ, ನನಗೆ ಹೇಳಿಕೊಡಬೇಡಿ, ಗೆಲ್ಲಬೇಕಾದವರು ಗೆಲ್ಲದಿದ್ದರೆ ಆ ಅಂಕಿಯನ್ನು ಯಾವ ಪುರುಷಾರ್ಥಕ್ಕೆ ತೋರಿಸುತ್ತೀರಿ, ಒಬ್ಬರಿಗೆ ಆಸೆ ಹುಟ್ಟಿಸಿ ಹೀಗೆ ಮಾಡಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ. ಉದ್ದವಾಯಿತು. ಓದಿ ನೋಡಿದರೆ ಕ್ರಿಕೆಟ್ಟಿನ ಹೆಸರು ಒಂದೇ ಸಲ ಬಂದಿತ್ತು. ಹಾಗೇ ಕಳಿಸಿದೆ.

ಜನವರಿ 5, ಭಾನುವಾರ

ಉತ್ತರ ಬಂದಿದೆ. ಸುರಜ ಎಂಬ ಹುಡುಗನದು. ಮೂವರು ಗೆಳೆಯರು ಸೇರಿ ಮಾಡಿದ ಆಟವಂತೆ, ಪತ್ರಗಳಿಗೆ ಉತ್ತರಿಸುವುದು ಇವನ ಪಾಲಿಗೆ ಬಂದಿದೆಯಂತೆ. ಪಾಪ.

ನನ್ನ ಪಂದ್ಯಗಳನ್ನೆಲ್ಲ ತೆಗೆದು ನೋಡಿದ್ದಾನೆ. ಎಂಬತ್ತರ ಆಸುಪಾಸಿನ ಸಾಧ್ಯತೆ ಇದ್ದಾಗ ಹೆಚ್ಚುಕಡಿಮೆ ಐದರಲ್ಲಿ ನಾಲ್ಕನ್ನು ನಾನು ಗೆದ್ದೇ ಇದ್ದೇನಂತೆ. 'ಮೇಡಂ, ಗೆದ್ದದ್ದು ನಿಮಗೆ ನೆನಪಿಲ್ಲ, ಅಷ್ಟೇ' ಎಂದು ಬರೆದಿದ್ದಾನೆ. ನೆನಪಿಟ್ಟುಕೊಳ್ಳುವಂಥದ್ದೇನಿದೆ ಅದರಲ್ಲಿ? ಗೆಲ್ಲಬೇಕಿತ್ತು, ಗೆದ್ದೆ.

ಮುಂದೆ ಇನ್ನೊಂದು ಮಾತಿತ್ತು. ಎಂಬತ್ತು ಅಂದರೆ ಜನರ ಮನಸ್ಸಿನಲ್ಲಿ ನೂರೇ. ಅದಕ್ಕೆ ಕೆಲವು ಆಟಗಳವರು ದಾಳವನ್ನು ಸದ್ದಿಲ್ಲದೆ ಹೆಚ್ಚು ಸಾಧ್ಯತೆಯವರ ಕಡೆ ವಾಲಿಸಿಬಿಡುತ್ತಾರೆ, ಆಗ ಆಡುವವರಿಗೆ ನ್ಯಾಯವಾಯಿತು ಅನಿಸುತ್ತದೆ. ಕದ್ದು ಮಾಡಲು ನಮಗೆ ಮನಸ್ಸಿಲ್ಲ, ಆದರೆ ನಿಮ್ಮಂಥವರ ಪತ್ರ ಬಹಳ ಬಂದದ್ದರಿಂದ ಎಲ್ಲರಿಗೂ ಕಾಣುವಂತೆ ಎದುರಿಗೇ ಒಂದು ಬಟನ್ ಇಟ್ಟಿದ್ದೇವೆ, ಹೆಸರು 'ಸಮಾಧಾನ'. ಲೀಗಿನ ಮುಖ್ಯಸ್ಥರು ಒತ್ತಿದರೆ, ಎಪ್ಪತ್ತಕ್ಕಿಂತ ಹೆಚ್ಚು ಸಾಧ್ಯತೆ ಇರುವ ತಂಡ ಸೋಲುವುದೇ ಇಲ್ಲವೆನ್ನಬಹುದು. ಒತ್ತುವ ಮೊದಲು ನಿಮ್ಮ ಲೀಗಿನವರನ್ನು ಕೇಳಿ.

ಈ ಕೊನೆಯ ವಾಕ್ಯವನ್ನು ನಾನು ಒತ್ತಿದ ಮೇಲೆ ಓದಿದೆ.

ಜನವರಿ 15, ಬುಧವಾರ

ಗೆಲುವು. ನಿನ್ನೆಯೂ ಗೆಲುವು. ಮೊನ್ನೆಯೂ. ಉಗಾರ ಉಗ್ರರು ಲೀಗಿನಲ್ಲಿ ಮೊದಲ ಸ್ಥಾನ. ಯಂತ್ರ ಗೆಲ್ಲಿಸಿದ ಗೆಲುವಿನಲ್ಲಿ ರುಚಿ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬಾರದು. ಬಹಳ ರುಚಿ ಇದೆ. ಸ್ಟಾಫ್‌ರೂಮಿನಲ್ಲಿ ಎಳ್ಳು ಬೆಲ್ಲ ಹಂಚುವಾಗ ಹಿಂದಿ ಟೀಚರಿಗೆ, ಸಂಕ್ರಮಣ ಮುಗಿಯುತ್ತಲೇ ನಿಮ್ಮ ತಂಡಕ್ಕೆ ಗ್ರಹಣ ಹಿಡಿಯಿತು ಅಂದೆ. ಅವರು ಮೋತಿ ಆ ಕಡೆ ತಿರುಗಿಸಿದರು. ಇಂಥ ಸುಖ ನನಗೆ ಈಚೆಗೆ ಸಿಕ್ಕಿರಲಿಲ್ಲ.

ಮಾವ ಎರಡು ದಿನದಿಂದ ಫೋಟೋ ನೋಡುತ್ತಿಲ್ಲ. ಪೇಪರು ಓದುತ್ತಿದ್ದಾರೆ.

ಜನವರಿ 28, ಮಂಗಳವಾರ

ಇಂದು ಮಿರಜಕ್ಕೆ ಒಬ್ಬಳೇ ಹೋಗಿದ್ದೆ. ಇಟ್ಟಿರುವ ಎರಡರಲ್ಲಿ ಒಂದನ್ನು ಮುಂದಿನ ವಾರ ಹಾಕೋಣ ಅಂದರು. ಹೋದ ಸಲ ಆಗಲಿಲ್ಲವಲ್ಲ, ಈ ಸಲ ಸಾಧ್ಯತೆ ಸ್ವಲ್ಪ ಹೆಚ್ಚಿರುತ್ತದೆಯೇ ಎಂದು ಕೇಳಿದೆ. ಬಾಯಿಂದ ಬಂದಮೇಲೆ ನಾಲಿಗೆ ಕಚ್ಚಿಕೊಂಡೆ. ಹತ್ತನೇ ತರಗತಿಯ ಹುಡುಗರು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಡಾಕ್ಟರಬಾಯಿ ನಗಲಿಲ್ಲ. ಹೆಚ್ಚಾಗುವುದಿಲ್ಲ, ಮೂವತ್ತೇ ಅಂದರು. ಫೈಲು ಮುಚ್ಚುತ್ತ, ಕಡಿಮೆಯೂ ಆಗಿಲ್ಲ ನೋಡು ಅಂದರು.

ಬರುವಾಗ ಕುಡಚಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊತ್ತು ಹೋಗಲೆಂದು ಲೀಗ್ ತೆಗೆದು, ಕೆಳಗಿನಿಂದ ನೋಡುತ್ತ ಬಂದೆ. ಕೊನೆಯ ಸ್ಥಾನದಲ್ಲಿ ಕಾಕಂಬಿ ಇಲೆವನ್. ಅದೇನು ಹೊಸದಲ್ಲ. ವಿಕ್ರಾಂತನಿಗೆ ಆಟಗಾರರನ್ನು ಮಾರಲು ಮನಸ್ಸಾಗುವುದಿಲ್ಲ, ತಂಡವೆಲ್ಲ ಮುದುಕರ ಸಂತೆ. ಆದರೂ ಮೊದಲು ಆಗಾಗ ಒಂದು ಗೆಲ್ಲುತ್ತಿದ್ದ, ಗೆದ್ದ ದಿನ ತಾನೇ ಚಹಾ ಮಾಡುತ್ತಿದ್ದ. ಬಟನ್ ಒತ್ತಿದ ದಿನದಿಂದ ಒಂದೂ ಇಲ್ಲ. ಸಾಧ್ಯತೆ ಇಪ್ಪತ್ತು, ಹದಿನೆಂಟು, ಇಪ್ಪತ್ತೈದು, ಎಲ್ಲ ಸೋಲು. ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ದಿನಾ ಹನ್ನೊಂದು ಮಂದಿಯನ್ನು ಆರಿಸಿ ಇಳಿಸಿದ್ದಾನೆ.

ಮನೆಗೆ ಬಂದು ಮಾವನನ್ನು ಕೇಳಿದೆ, ನೀವು ಈಗ ಯಾಕೆ ಆಡುವುದಿಲ್ಲ ಎಂದು.

"ಮದ್ಲ ಹತ್ತರಾಗ ಒಂದೆರಡ ನಮ್ಮ ಕಡೆ ಬರ್ತಿದ್ವು ಯವ್ವಾ," ಅಂದರು. "ಈಗ ಬರೂದಿಲ್ಲಂತ ಗೊತ್ತಾತು. ಬರೂದಿಲ್ಲಂತ ಗೊತ್ತಾದ ಮ್ಯಾಲ ಹಾದಿ ನೋಡೂದ್ಯಾಕ?"

ಲೆಕ್ಕ ಕಷ್ಟದ್ದಲ್ಲ. ನನ್ನ ಎಂಬತ್ತನ್ನು ನೂರು ಮಾಡಲು ಆ ಇಪ್ಪತ್ತನ್ನು ಎಲ್ಲಿಂದಲೋ ತರಬೇಕಲ್ಲ, ಎದುರಿನವನದನ್ನೇ ಕಿತ್ತು ತಂದಿದ್ದಾರೆ. ಎಂಬತ್ತರವಳಿಗೆ ಅದು ಸಮಾಧಾನ. ಆದರೆ ನಾನು ಎಂಬತ್ತರವಳಾಗಿರುವುದು ಈ ಫೋನಿನಲ್ಲಿ ಮಾತ್ರ. ಮಿರಜದಲ್ಲಿ ನಾನು ಮೂವತ್ತರವಳು. ಅಲ್ಲಿಯೂ ಯಾರೋ ಕನಿಕರದಿಂದ ಇಂಥದೊಂದು ಬಟನ್ ಒತ್ತಿದ್ದರೆ? ಮೂವತ್ತರವಳಿಗೆ ದಾಳ ಯಾವ ಕಡೆಗೂ ವಾಲಬಾರದು. ಅದಕ್ಕೆ ಕಣ್ಣೂ ಇರಬಾರದು, ಕರುಳೂ ಇರಬಾರದು.

ಬಟನ್ ತೆಗೆದುಹಾಕಿದೆ. ಸ್ಟಾಫ್‌ರೂಮಿನ ಗುಂಪಿಗೆ ಬೇಜಾರಾಯಿತು ಅದಕ್ಕೆ ತೆಗೆದೆ ಎಂದು ಬರೆದೆ. ಹಿಂದಿ ಟೀಚರು ಕೂಡಲೇ ಮೂರು ಪಟಾಕಿಯ ಚಿತ್ರ ಕಳಿಸಿದರು. ಇನ್ನು ಉಗಾರ ಉಗ್ರರನ್ನು ದೇವರೇ ಕಾಪಾಡಬೇಕು, ಅವನಿಗೂ ಕ್ರಿಕೆಟ್ ಅಷ್ಟಕ್ಕಷ್ಟೇ ಕಾಣುತ್ತದೆ.

ಫೆಬ್ರುವರಿ 7, ಶುಕ್ರವಾರ

ಎರಡನೆಯದನ್ನು ಇಟ್ಟರು. ಬರುವಾಗ ಡ್ರೈವರ್ ಒಂದು ಗುಂಡಿಯಲ್ಲಿ ಕಾರನ್ನು ಚೆನ್ನಾಗಿಯೇ ಹಾರಿಸಿದ. ವಿಕ್ರಾಂತ ಕಣ್ಣು ಮುಚ್ಚಿಕೊಂಡ. ಅವನ ತೊಡೆಗೆ ಒಂದು ಏಟು ಕೊಟ್ಟು, ಅದು ಮಡಕೆಯಲ್ಲಿಟ್ಟ ಮೊಸರಲ್ಲರಿ, ಚೆಲ್ಲುವುದಿಲ್ಲ ಅಂದೆ. ಕಾಗವಾಡದಲ್ಲಿ ಇಳಿದು ಮಿಸಳ ತಿಂದೆವು. ಖಾರ ಜಾಸ್ತಿ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳು ಇನ್ನೂ ಸಾಲುಗಟ್ಟಿ ನಿಂತಿದ್ದವು. ಕಬ್ಬಿನ ಹಂಗಾಮು ಈ ವರ್ಷ ಮಾರ್ಚಿಗೇ ಮುಗಿಯುತ್ತದೆ ಅಂದ ವಿಕ್ರಾಂತ.

ಫೆಬ್ರುವರಿ 21, ಶುಕ್ರವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಮಿರಜಕ್ಕೆ ಹೋಗಿ ರಕ್ತ ಕೊಟ್ಟು, ಮೂರನೇ ಪೀರಿಯಡ್ಡಿಗೆ ಶಾಲೆಗೆ ಬಂದೆ. ಫಲಿತಾಂಶವನ್ನು ವಿಕ್ರಾಂತನಿಗೆ ತಿಳಿಸಲು ಹೇಳಿದ್ದೆ. ಪಾಠದ ನಡುವೆ ಫೋನು ಬಂದರೆ ನನ್ನ ಕೈಲಿ ಆಗುವುದಿಲ್ಲ.

ಮಧ್ಯಾಹ್ನ ಒಂಬತ್ತನೇ ತರಗತಿಯಲ್ಲಿದ್ದಾಗ ಅವನು ಕಿಟಕಿಯ ಹೊರಗೆ ನಿಂತಿದ್ದ. ಕಾರ್ಖಾನೆಯ ಬಟ್ಟೆಯಲ್ಲೇ ಬಂದಿದ್ದ, ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ಮಕ್ಕಳೆಲ್ಲ ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ನಾನು ಫಲಕದ ಮೇಲಿನ ಲೆಕ್ಕವನ್ನು ಪೂರ್ತಿ ಮಾಡಿ, ಬರೆದುಕೊಳ್ಳಿ ಎಂದು ಹೇಳಿ ಹೊರಗೆ ಹೋದೆ.

"ಆಗಲಿಲ್ಲ," ಅಂದ.

ಬೇವಿನ ಮರದ ಕಟ್ಟೆಗೆ ಹೋಗಿ ಕೂತೆವು. ಹೆಲ್ಮೆಟ್ ತೆಗೆಯಿರಿ ಅಂದೆ, ತೆಗೆದ. ಕಣ್ಣು ಕೆಂಪಾಗಿತ್ತು. ಊಟ ಮಾಡಿದಿರಾ ಎಂದು ಕೇಳಿದೆ. ಇಲ್ಲ ಅಂದ. ನನ್ನ ಡಬ್ಬಿಯಲ್ಲಿ ಒಂದು ಚಪಾತಿ ಉಳಿದಿತ್ತು, ತಂದುಕೊಟ್ಟೆ. ಅರ್ಧ ತಿಂದು ಅರ್ಧ ನನಗೆ ಕೊಟ್ಟ.

"ಇನ್ನೊಂದೈತಿ," ಅಂದ.

"ಮೂವತ್ತ."

"ಹೂಂ. ಮೂವತ್ತ."

ಅಲ್ಲೇ ಸ್ವಲ್ಪ ಅತ್ತೆ. ಎಂಟನೇ ತರಗತಿಯವರು ಕಬಡ್ಡಿ ಆಡುವುದನ್ನು ನಿಲ್ಲಿಸಿ ನೋಡತೊಡಗಿದ್ದರಿಂದ ಎದ್ದೆ. ಆಡ್ರಿ ಆಡ್ರಿ ಅಂದೆ ಅವರಿಗೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಂಟು ವರ್ಷದಲ್ಲಿ ಮೊದಲನೇ ಸಲ ಕೇಳಿದರು.

"ಏನ್ ತಪ್ಪಾತಬೇ ಪೂನಮ? ನಾವೇನರೆ ಕಡಿಮಿ ಮಾಡಿದ್ವ್ಯಾ?"

ಇವರು ಇಷ್ಟು ದಿನ ಒಳಗೇ ಹೆದರಿಕೊಂಡಿದ್ದು ತಮ್ಮದೇ ಮಾರ್ಕಿಗೆ.

"ಯಾರೂ ಏನೂ ಮಾಡಿಲ್ಲ ಅತ್ತಿ," ಅಂದೆ. "ಬರಲಿಲ್ಲ, ಅಷ್ಟ." ಅವರ ಕೈ ತಣ್ಣಗಿತ್ತು. ಹಿಡಿದುಕೊಂಡು ಒಳಗೆ ಕರೆದೊಯ್ದೆ.

ಸಂಜೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಮಾವ ಕೆಮ್ಮಿ, ಇವತ್ತು ಗಂಡಹೆಂಡಿರ ಮ್ಯಾಚ್ ಇದೆಯಲ್ಲ, ಬಿಡುವುದಾದರೆ ಬಿಡೋಣ ಅಂದರು. ಬಿಡುವುದೇಕೆ ಅಂದೆ. ಉಗಾರ ಉಗ್ರರು ತೊಂಬತ್ತೆರಡು, ಕಾಕಂಬಿ ಇಲೆವನ್ ಎಂಟು. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಚೆಂಡನ್ನು ಗಟ್ಟಿಯಾಗಿ ಓದತೊಡಗಿದರು. ಆಟ ಗೊತ್ತಿಲ್ಲದ ಅತ್ತೆಯೂ ಬಂದು ಕೂತರು. ವಿಕ್ರಾಂತನ ಮುದುಕರು ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಯ ಚೆಂಡಿಗೆ ಐದು ಓಟ ಬೇಕಿತ್ತು, ಹನ್ನೊಂದನೆಯವನು ಆಡುತ್ತಿದ್ದ. ಮಾವ ಓದುವುದನ್ನು ನಿಲ್ಲಿಸಿದರು. ಫೋನನ್ನು ಕಣ್ಣಿನ ಹತ್ತಿರ ಹಿಡಿದರು.

"ಸಿಕ್ಸರ್," ಅಂದರು.

ನನ್ನ ಗಂಡ ದನಿ ಎತ್ತಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಇಂದು ಮಂಚದ ಮೇಲೆ ಹತ್ತಿ ನಿಂತು, ಬಂತು, ಬಂತು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಸೋತ ನಾನೂ, ಯಾಕೋ ಗೊತ್ತಿಲ್ಲ, ಅವನಿಗಿಂತ ಜೋರಾಗಿ ಕೂಗಿದೆ.

ಕೂಗು ಅಡಗುವ ಮೊದಲೇ ಸಪನಾ ಓಡಿ ಬಂದಳು. ಇಂದು ಫಲಿತಾಂಶ ಬರುವುದು ಅವಳಿಗೆ ಗೊತ್ತಿತ್ತು. ಕೈಯಲ್ಲಿ ಸಕ್ಕರೆಯ ಡಬ್ಬಿ, ಕಣ್ಣಲ್ಲಿ ನೀರು.

"ನಾ ಹೇಳಿರ್ಲಿಲ್ಲಾ ವೈನಿ, ನೂರಕ್ಕ ನೂರಂತ?"

ವಿಕ್ರಾಂತ ಮಂಚದ ಮೇಲೆ ನಿಂತವನು ಹಾಗೇ ನಿಂತ. ಮಾವ ಫೋನು ನೋಡಿದರು. ಬಾಯಿ ತೆರೆದರೆ ನನ್ನಿಂದ ಏನು ಬರುತ್ತಿತ್ತೋ.

ಎದ್ದವರು ಅತ್ತೆ. ಸಪನಾಳ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಹೌದವಾ," ಅಂದರು. "ನಮ್ಮ ವಿಕ್ರಾಂತ ಗೆದ್ದಾನ."

ಅವನನ್ನು ಮಂಚದಿಂದ ಇಳಿಸಿ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರು. ಮಾವನಿಗೆ ಹಾಕಿದರು. ನನ್ನ ಗಲ್ಲ ಹಿಡಿದು ನನಗೂ ಹಾಕಿದರು. ಏನೂ ಅರ್ಥವಾಗದೆ ಬಾಯಿ ಬಿಟ್ಟುಕೊಂಡು ನಿಂತಿದ್ದ ಸಪನಾಳಿಗೂ ಹಾಕಿದರು.

ಸಕ್ಕರೆ ಈ ಹಂಗಾಮಿನದು, ದಪ್ಪ ಹರಳು. ಇನ್ನೊಂದು ಚಿಟಿಕೆ ಕೇಳಿ ತಿಂದೆ.